ಪೇಟ ಕಟ್ಟಿದವರೆಲ್ಲ ಪಕ್ಕಾ ಸಿಖ್ಖರಾ?

"ಸಾರ್, ನಿಷ್ಠೆಯಿಂದ ಸಿಖ್ಖನಾಗಿ ಬಾಳುವುದು ಅಂದರೆ ಏನು? ಪೇಟ, ಗಡ್ಡ, ಕತ್ತಿ, ಅಷ್ಟೇ ಅಲ್ವಾ?"

ನಾನು ಬೀದರ್‌ನವನು ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ಗುರು ನಾನಕರ ಹೆಸರಿನ ನೀರಿನ ಚಿಲುಮೆ, ಗುರುದ್ವಾರ ಇರುವ ನಾನಕ್ ಝೀರಾದ ಊರಿನವನಿಗೆ ಎಲ್ಲ ಗೊತ್ತಿರಬೇಕು ಅಂತ ಲೆಕ್ಕ. ನಾನು ಸಿಖ್ ಅಲ್ಲ, ಮೇಷ್ಟ್ರು. ಆದರೂ ಎಷ್ಟು ಸಲ ಹೇಳಿದ್ದೇನೋ! ಈ ಸಲ ಬರೆದೇ ಬಿಡುತ್ತೇನೆ.

ಚಿಕ್ಕ ಉತ್ತರ: ದೇವರ ಹೆಸರು ನೆನೆಯುವುದು, ದುಡಿದು ತಿನ್ನುವುದು, ಹಂಚಿ ತಿನ್ನುವುದು. ಅವರ ಮಾತಲ್ಲಿ ನಾಮ್ ಜಪನಾ, ಕಿರತ್ ಕರನಾ, ವಂಡ್ ಛಕನಾ. ಬೆಳಕು ಹರಿಯುವ ಮುಂಚೆ ಎದ್ದು, ಸ್ನಾನ ಮಾಡಿ, ಜಪ್‌ಜೀ ಮೊದಲಾದ ಬಾಣಿಗಳನ್ನು, ಅಂದರೆ ಪ್ರಾರ್ಥನಾ ಪದ್ಯಗಳನ್ನು ಹೇಳಬೇಕು. ಸಂಜೆಗೆ ರೆಹರಾಸ್, ಮಲಗುವ ಮುಂಚೆ ಸೋಹಿಲಾ. ಇದು ದಿನಾ, ಹಬ್ಬಕ್ಕೆ ಮಾತ್ರ ಅಲ್ಲ. ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ದಾನಕ್ಕೆ ತೆಗೆದಿಡಬೇಕು, ಅದು ದಸ್ವಂಧ್. ಪೂಜೆಗೆ ವಿಗ್ರಹವಿಲ್ಲ. ತಲೆಬಾಗುವುದು ಗುರು ಗ್ರಂಥ ಸಾಹಿಬ್ ಮುಂದೆ. 1430 ಪುಟಗಳ ಆ ಗ್ರಂಥವೇ 1708ರಿಂದ ಅವರ ಗುರು.

ಇನ್ನು ಪೇಟದ ವಿಚಾರ. ಕ್ವಿಜ್‌ನಲ್ಲಿ "ಸಿಖ್ಖರ ಐದು ಕ-ಕಾರ ಹೇಳಿ" ಅಂದರೆ ಪ್ರತಿ ವರ್ಷ ಒಬ್ಬನಾದರೂ ಎದ್ದು ನಿಂತು "ಪೇಟ" ಅನ್ನುತ್ತಾನೆ. ಮಗು, ಪೇಟದಲ್ಲಿ 'ಕ' ಎಲ್ಲಿದೆಯಪ್ಪಾ? ಅವರು ಅದಕ್ಕೆ ಪಗ್ ಅಥವಾ ದಸ್ತಾರ್ ಅನ್ನುತ್ತಾರೆ, ಅಲ್ಲೂ 'ಕ' ಇಲ್ಲ. ಸದಾ ಮೈಮೇಲಿರಬೇಕಾದ, 'ಕ'ದಿಂದ ಶುರುವಾಗುವ ಆ ಐದು ಗುರುತು ಇವು: ಕೇಶ್, ಕಂಘಾ, ಕಡಾ, ಕಚ್ಛೇರಾ, ಕಿರ್ಪಾನ್. ಕತ್ತರಿಸದ ಕೂದಲು, ಮರದ ಬಾಚಣಿಗೆ, ಕಬ್ಬಿಣದ ಬಳೆ, ಚಡ್ಡಿ, ಕಿರುಗತ್ತಿ. ಪಟ್ಟಿಯಲ್ಲಿರುವುದು ಕೂದಲು. ಪೇಟ ಇರುವುದು ಆ ಕೂದಲಿನ ಮರ್ಯಾದೆಗೆ.

ಹಾಗಂತ ಪೇಟ ಬೇಕಾದರೆ ಕಟ್ಟಬಹುದು, ಬೇಡದಿದ್ದರೆ ಬಿಡಬಹುದು ಅಂತಲ್ಲ. 1945ರಲ್ಲಿ ಒಪ್ಪಿಗೆಯಾದ ರಹತ್ ಮರ್ಯಾದೆ, ಅಂದರೆ ಸಿಖ್ಖರ ನಡವಳಿಕೆಯ ನಿಯಮಾವಳಿ, ಗಂಡಸರಿಗೆ ಪೇಟ ಇರಲೇಬೇಕು ಅನ್ನುತ್ತದೆ. ಅದನ್ನು ಕಟ್ಟುವುದನ್ನು ಒಮ್ಮೆ ನೋಡಿ. ಝೀರಾದ ಯಾತ್ರಿ ನಿವಾಸದ ಅಂಗಳದಲ್ಲಿ ಅಪ್ಪ ಒಂದು ತುದಿ, ಮಗ ಇನ್ನೊಂದು ತುದಿ ಹಿಡಿದು, ಐದಾರು ಮೀಟರ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಉದ್ದಕ್ಕೆ ಮಡಚುತ್ತಿದ್ದರು. ಆಮೇಲೆ ಅಪ್ಪ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸುತ್ತತೊಡಗಿದ. ಟೋಪಿಯ ಹಾಗೆ ಸುಮ್ನೆ ಇಟ್ಟುಕೊಳ್ಳುವುದಲ್ಲ ಅದು.

ಆದರೆ ಪೇಟ ಕಂಡ ಮಾತ್ರಕ್ಕೆ ಆತ ಅಮೃತ ತೆಗೆದುಕೊಂಡವನು ಅಂತಲೂ ಅಲ್ಲ. ಅಮೃತವೆಂದರೆ ದೀಕ್ಷೆ. ಕಬ್ಬಿಣದ ಬಟ್ಟಲಿನ ನೀರಿಗೆ ಬತ್ತಾಸು ಹಾಕಿ, ಬಾಣಿ ಹೇಳುತ್ತಾ ಎರಡಲಗಿನ ಖಂಡಾದಿಂದ ಕಲಕಿ, ಐದು ಜನ ಸೇರಿ ಕೊಡುತ್ತಾರೆ. ಅಲ್ಲಿಂದ ಮುಂದೆ ಕೂದಲು ಕತ್ತರಿಸುವಂತಿಲ್ಲ, ತಂಬಾಕು ಮುಟ್ಟುವಂತಿಲ್ಲ, ಹಲಾಲ್ ಮಾಂಸ ತಿನ್ನುವಂತಿಲ್ಲ, ಕಟ್ಟಿಕೊಂಡವರನ್ನು ಬಿಟ್ಟು ಬೇರೆಯವರ ಜೊತೆ ದೈಹಿಕ ಸಂಬಂಧ ಇಟ್ಟುಕೊಳ್ಳುವಂತಿಲ್ಲ. ಮನೆತನದ ರೂಢಿಯಂತೆ ಪೇಟ ಕಟ್ಟಿ, ಅಮೃತ ತೆಗೆದುಕೊಳ್ಳದವರು ಬೇಕಾದಷ್ಟು ಜನ ಇದ್ದಾರೆ. "ಸಿಂಗ್" ಅಂತ ಹೆಸರಿದ್ದರೆ ಸಾಕು ಅನ್ನುವವರಿಗೂ ಒಂದು ಮಾತು: ನಮ್ಮ ಹೊಸಪೇಟೆ ಕಡೆಯ ಸಿಂಗ್ ಮನೆತನದವರು ರಜಪೂತರು.

ಈ ಅಮೃತ ಮೊದಲು ನಡೆದದ್ದು 1699ರ ಬೈಸಾಖಿ ಹಬ್ಬದಂದು, ಪಂಜಾಬಿನ ಆನಂದಪುರದಲ್ಲಿ. ಹತ್ತನೆಯ ಗುರು ಗೋಬಿಂದ್ ಸಿಂಗರು "ತಲೆ ಕೊಡುವವರು ಯಾರಿದ್ದೀರಿ?" ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬ ಬೀದರ್‌ನ ಸಾಹಿಬ್ ಚಂದ್, ಆಮೇಲೆ ಭಾಯಿ ಸಾಹಿಬ್ ಸಿಂಗ್. ಅವರು ಕ್ಷೌರಿಕರ ಮನೆಯವರು ಅಂತ ಸಿಖ್ ಸಂಪ್ರದಾಯ ಹೇಳುತ್ತದೆ. ಕೂದಲು ಕತ್ತರಿಸುವುದಿಲ್ಲ ಅಂತ ಪಣ ತೊಟ್ಟ ಮೊದಲ ಐವರಲ್ಲಿ ಒಬ್ಬರು ನಮ್ಮೂರಿನ ಕ್ಷೌರಿಕರು! ಪಾಠ ಮಾಡುವಾಗ ಇಲ್ಲಿಗೆ ಬಂದರೆ ನನ್ನ ದನಿ ಸ್ವಲ್ಪ ಜಾಸ್ತಿಯೇ ಏರುತ್ತದೆ, ಕ್ಷಮಿಸಿ.

ಹೆಂಗಸರ ಕಥೆ ಏನು ಅಂತ ಯಾರೂ ಕೇಳುವುದೇ ಇಲ್ಲ, ನಾನೇ ಹೇಳುತ್ತೇನೆ. ಅಮೃತ ಅವರಿಗೂ ಉಂಟು, ಐದು ಕ-ಕಾರವೂ ಉಂಟು. ಪೇಟ ಮಾತ್ರ ಅವರ ಇಷ್ಟ. 1705ರಲ್ಲಿ ಗುರುವನ್ನು ಬಿಟ್ಟು ಮನೆಗೆ ಮರಳಿದ್ದ ನಲವತ್ತು ಜನರನ್ನು ನಾಚಿಸಿ, ಮುಕ್ತಸರದ ಕಾಳಗಕ್ಕೆ ಕರೆದೊಯ್ದವಳು ಮಾಯಿ ಭಾಗೋ. ಗಂಡುಡುಗೆ ತೊಟ್ಟು ತಾನೂ ಹೋರಾಡಿದಳು. ಗುರು ತೀರಿಕೊಂಡ ಮೇಲೆ ನಾಂದೇಡ್‌ನಿಂದ ಆಕೆ ಬಂದು ನೆಲೆಸಿದ್ದು ಎಲ್ಲಿ ಗೊತ್ತಾ? ನಮ್ಮ ಬೀದರ್ ಪಕ್ಕದ ಜನವಾಡದಲ್ಲಿ. ಕೊನೆಯವರೆಗೂ ಅಲ್ಲೇ ಇದ್ದಳು, ಅಲ್ಲಿ ಆಕೆಯ ಗುರುದ್ವಾರವಿದೆ. ಝೀರಾದ ನೀರು ಕುಡಿದು, ಲಂಗರ್‌ನಲ್ಲಿ ಉಂಡು, ನೇರ ಬೆಂಗಳೂರು ಬಸ್ ಹತ್ತುತ್ತೀರಲ್ಲ, ಮುಂದಿನ ಸಲ ಜನವಾಡಕ್ಕೂ ಒಂದು ಆಟೋ ಹಿಡಿಯಿರಿ.