ಫಿಲ್ಟರ್‌ಗೆ ಬೆಲ್ಲದ ವ್ಯಾಪಾರ ಗೊತ್ತಿರಲಿಲ್ಲ

ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರು ಫೋನ್ ಮಾಡಿದ್ದರು. "ಪಾರ್ಟಿಯವ್ರು ಮೂರು ದಿವ್ಸದ ಹಿಂದೇನೇ ಆರ್ಡರ್ ಮೇಲ್ ಹಾಕಿದೀವಿ ಅಂತಾರೆ ಸಾರ್, ನಮ್ಗೆ ಬಂದೇ ಇಲ್ವಲ್ಲ." ಬಂದಿತ್ತು. ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿತ್ತು. ಅವರ ಮೇಲ್ ಸರ್ವರ್ ನೋಡಿಕೊಳ್ಳುವವನು ನಾನು. ಮೈಸೂರಿನ ಮನೆಯಿಂದಲೇ ಟರ್ಮಿನಲ್ ತೆರೆದು ಆ ಮೇಲ್‌ನ ಹೆಡರ್, ಅಂದರೆ ಯಾರಿಂದ ಬಂತು, ಫಿಲ್ಟರ್ ಏನೆಂದಿತು ಅಂತ ಮೇಲ್ ತಲೆಯಲ್ಲಿ ಬರೆದಿರುವ ಸಾಲುಗಳನ್ನು ಓದಿದೆ.

ಸರ್ವರ್‌ನಲ್ಲಿ ಸ್ಪ್ಯಾಮ್ ಹಿಡಿಯುವ ಫಿಲ್ಟರ್ ಸ್ಪ್ಯಾಮ್‌ಅಸ್ಯಾಸಿನ್. ಅದು ಪ್ರತಿ ಮೇಲ್‌ಗೂ ಅಂಕ ಹಾಕುತ್ತದೆ. ನಾವು ಬದಲಿಸದಿದ್ದರೆ 5 ಮುಟ್ಟಿದ್ದೆಲ್ಲ ಸ್ಪ್ಯಾಮ್. ಈ ಮೇಲ್‌ಗೆ 5.3 ಬಿದ್ದಿತ್ತು. ಅದರಲ್ಲಿ 3 ಅಂಕ 'ಬೇಯ್ಸ್ 95' ಎಂಬ ಒಂದೇ ಸಾಲಿನದು. ಅಂದರೆ ಫಿಲ್ಟರ್ ತಾನು ಕಲಿತ ಪದಗಳ ಲೆಕ್ಕ ಹಾಕಿ, ಇದು ಸ್ಪ್ಯಾಮ್ ಆಗಿರುವ ಸಾಧ್ಯತೆ ನೂರಕ್ಕೆ 95ಕ್ಕೂ ಜಾಸ್ತಿ ಎಂದಿತ್ತು. ಅದಕ್ಕೆ ಕಲಿಸಿದವನು ನಾನೇ.

ಕಲಿಸುವ ಕಮಾಂಡ್ 'ಎಸ್ಎ-ಲರ್ನ್'. ಸ್ಪ್ಯಾಮ್ ಫೋಲ್ಡರ್ ತೋರಿಸಿ ಸ್ಪ್ಯಾಮ್ ಅನ್ನಬಹುದು, ಒಳ್ಳೆಯ ಮೇಲ್ ತೋರಿಸಿ ಹ್ಯಾಮ್ ಅನ್ನಬಹುದು. ಎಷ್ಟು ಕಲಿತಿದೆ ಅಂತ ನೋಡಲು 'ಡಂಪ್ ಮ್ಯಾಜಿಕ್' ಎಂಬ ಆಪ್ಶನ್ ಇದೆ. ನೋಡಿದೆ. ಸ್ಪ್ಯಾಮ್ ಸಾವಿರಗಟ್ಟಲೆ ಇತ್ತು, ಹ್ಯಾಮ್ ಇನ್ನೂರು ಚಿಲ್ಲರೆ. ಎರಡೂ ಕಡೆ ತಲಾ 200 ಆಗುವವರೆಗೆ ಬೇಯ್ಸ್, ಅಂದರೆ ಆ ಪದಗಳ ಲೆಕ್ಕ, ಬಾಯಿ ಬಿಡುವುದಿಲ್ಲ. ಆ 200 ದಾಟಿಸಬೇಕು ಅಂತ ನಾನು ಕೈಗೆ ಸಿಕ್ಕ ಮೇಲ್ ತುಂಬಿದ್ದೆ. ಕರೆಂಟ್ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನವರ ರಜೆ ಚೀಟಿ. ವ್ಯಾಪಾರದ ಮೇಲ್ ಅದರಲ್ಲಿ ಇರಲೇ ಇಲ್ಲ ಅನ್ನಬಹುದು.

ಬೆಲ್ಲದ ವ್ಯಾಪಾರಿಗೆ ಬರುವ ನಿಜವಾದ ಮೇಲ್ ಹೇಗಿರುತ್ತೆ? ಬೆಸ್ಟ್ ರೇಟ್ ಕೊಡಿ, ಅರ್ಜೆಂಟ್, ಅಡ್ವಾನ್ಸ್ ಪೇಮೆಂಟ್ ಇವತ್ತೇ ಹಾಕ್ತೀವಿ. ಸ್ಪ್ಯಾಮ್ ಕಳಿಸುವವರ ಪದಗಳೂ ಇವೇ ಅಲ್ವಾ? ಲೆಕ್ಕ ಹೀಗೆ ನಡೆಯುತ್ತೆ. 6,000 ಸ್ಪ್ಯಾಮ್‌ನಲ್ಲಿ 600ರಲ್ಲಿ 'ಅಡ್ವಾನ್ಸ್' ಇದೆ ಅಂದುಕೊಳ್ಳಿ, ನೂರಕ್ಕೆ 10. ಹ್ಯಾಮ್ 200ರಲ್ಲಿ ಎರಡರಲ್ಲಿ ಮಾತ್ರ, ನೂರಕ್ಕೆ 1. ಹತ್ತನ್ನು ಹನ್ನೊಂದರಿಂದ ಭಾಗಿಸಿ. ಆ ಪದ ಸುಮಾರು 0.91ರಷ್ಟು ಸ್ಪ್ಯಾಮ್ ಕಡೆ ವಾಲುತ್ತದೆ. ಈಗ ಇನ್ನೂ 800 ನಿಜವಾದ ಆರ್ಡರ್ ಮೇಲ್ ಕಲಿಸಿ, ಅದರಲ್ಲಿ 240ರಲ್ಲಿ ಆ ಪದ ಇರಲಿ. ಹ್ಯಾಮ್ ಪಾಲು ನೂರಕ್ಕೆ 24.2 ಆಯ್ತು. ಅದೇ ಪದ 0.29ಕ್ಕೆ ಇಳಿಯಿತು. ಸ್ಪ್ಯಾಮ್ ಒಂದನ್ನೂ ಮುಟ್ಟಿಲ್ಲ, ನೋಡಿ. ಹೀಗೆ ಎಷ್ಟೋ ಪದಗಳ ವಾಲಿಕೆ ಸೇರಿಸಿ ಫಿಲ್ಟರ್ ಕೊನೆಯ ಮಾತು ಹೇಳುತ್ತದೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಸ್ಪ್ಯಾಮ್ ಕೂಡಿಸುವುದರಲ್ಲೇ ದಿನ ಕಳೆಯಬೇಡಿ. ನಿಮ್ಮ ಕೆಲಸದ ಒಳ್ಳೆಯ ಮೇಲ್ ಹುಡುಕಿ ಕೊಡಿ. ಬೇರೆ ಕಂಪನಿಯ ಡೇಟಾಬೇಸ್ ತಂದು ಹಾಕಿದರೂ ಆಗಲ್ಲ. ಅಗರಬತ್ತಿಯವರ ಒಳ್ಳೆಯ ಮೇಲ್ ಬೇರೆ, ಬೆಲ್ಲದವರದ್ದು ಬೇರೆ.

ಇನ್ನೊಂದು ತಪ್ಪು ಎಲ್ಲ ಕಡೆ ನೋಡಿದ್ದೇನೆ. ಆಫೀಸಿನವರು ಸ್ಪ್ಯಾಮ್ ಬಂದ ಕೂಡಲೇ ನನಗೆ ಫಾರ್ವರ್ಡ್ ಮಾಡುತ್ತಾರೆ. ಅದನ್ನು ಹಾಗೇ ಕಲಿಸಬಾರದು. ಫಾರ್ವರ್ಡ್ ಆದ ಮೇಲ್‌ನಲ್ಲಿ ಮೂಲ ಹೆಡರ್ ಹೋಗಿ, ಕಳಿಸಿದ ನಮ್ಮವರ ಹೆಡರ್ ಕೂತಿರುತ್ತದೆ. ಹಾಗೇ ಕಲಿಸಿದರೆ ಅವರ ವಿಳಾಸವೇ ಸ್ಪ್ಯಾಮ್ ಗುರುತಾಗುತ್ತದೆ. ಸರ್ವರ್‌ನಲ್ಲೇ ಒಂದು ಫೋಲ್ಡರ್ ಮಾಡಿ, ಅದಕ್ಕೆ ಎಳೆದು ಹಾಕಲು ಹೇಳಿ.

ರೂಟ್, ಅಂದರೆ ಸರ್ವರ್‌ನ ಪೂರ್ತಿ ಅಧಿಕಾರವಿರುವ ಯೂಸರ್ ಆಗಿ ಲಾಗಿನ್ ಆಗಿ ಕಲಿಸುವವರೂ ಇದ್ದಾರೆ. ಫಿಲ್ಟರ್ ಬೇರೆ ಯೂಸರ್ ಹೆಸರಲ್ಲಿ ಓಡುತ್ತಿದ್ದರೆ, ಕಲಿತದ್ದೆಲ್ಲ ರೂಟ್‌ನ ಡೈರೆಕ್ಟರಿಯಲ್ಲಿ ಸುಮ್ನೆ ಬಿದ್ದಿರುತ್ತದೆ. ಫಿಲ್ಟರ್ ಯಾರ ಹೆಸರಲ್ಲಿ ಓಡುತ್ತೋ ಅದೇ ಯೂಸರ್ ಆಗಿ ಕಮಾಂಡ್ ಕೊಡಬೇಕು.

ಎರಡನೇ ಸಲ ಅದೇ ಫೋಲ್ಡರ್ ಕಲಿಸಿದಾಗ "0 ಮೆಸೇಜ್ ಕಲಿತೆ" ಎಂದು ಬಂದರೆ ಗಾಬರಿ ಬೇಡ. ನೋಡಿದ ಮೇಲ್ ಅದಕ್ಕೆ ನೆನಪಿರುತ್ತದೆ. ತಪ್ಪಾಗಿ ಸ್ಪ್ಯಾಮ್ ಎಂದು ಕಲಿಸಿದ್ದನ್ನು ಹ್ಯಾಮ್ ಎಂದು ಮತ್ತೆ ಕೊಟ್ಟರೆ, ಹಳೆಯದನ್ನು ತಾನೇ ಮರೆತು ಹೊಸದಾಗಿ ಕಲಿಯುತ್ತದೆ.

ಪರೀಕ್ಷೆಯ ವಿಷಯಕ್ಕೆ ಬರೋಣ. 'ಜಿಟ್ಯೂಬ್' ಎಂಬ ಪರೀಕ್ಷಾ ಸಾಲು ಹಾಕಿ ಮೇಲ್ ಕಳಿಸಿದರೆ 1000 ಅಂಕ ಬೀಳುತ್ತದೆ. ಫಿಲ್ಟರ್ ಓಡುತ್ತಿದೆ ಅಂತ ಅಷ್ಟೇ ಅದರಿಂದ ಗೊತ್ತಾಗುವುದು. ಕಲಿತಿದೆಯೋ ಇಲ್ಲವೋ ಗೊತ್ತಾಗಲ್ಲ. ಕಲಿಸಿದ ಮೇಲ್‌ನಿಂದಲೇ ಪರೀಕ್ಷೆ ಮಾಡುವುದೂ ಉಪಯೋಗವಿಲ್ಲ, ಉತ್ತರ ಅದಕ್ಕೆ ಮೊದಲೇ ಗೊತ್ತು. ನಾನು ಮಾಡುವುದು ಹೀಗೆ: ಹಳೆಯ ಮೇಲ್ ಕಲಿಸುತ್ತೇನೆ, ಇತ್ತೀಚಿನದನ್ನು ಬೇರೆ ತೆಗೆದಿಡುತ್ತೇನೆ. ಶುರು ಮಾಡುವ ಮುಂಚೆ ಡೇಟಾಬೇಸ್‌ನ ಬ್ಯಾಕಪ್ ತೆಗೆದು, ಫಿಲ್ಟರ್ ತಾನಾಗೇ ಕಲಿಯುವ ಆಟೋ ಲರ್ನ್ ಆಫ್ ಮಾಡುತ್ತೇನೆ. ಆಮೇಲೆ ಒಂದು ಲೂಪ್ ಬರೆದು, ತೆಗೆದಿಟ್ಟ ಮೇಲ್‌ಗಳನ್ನು ಒಂದೊಂದಾಗಿ ಸ್ಪ್ಯಾಮ್‌ಅಸ್ಯಾಸಿನ್‌ಗೆ ಕೊಟ್ಟು, ಸ್ಪ್ಯಾಮ್ ಹೌದೋ ಅಲ್ಲವೋ ಎಂದು ಹೇಳುವ ಸ್ಟೇಟಸ್ ಸಾಲನ್ನು ಗ್ರೆಪ್ ಕಮಾಂಡ್‌ನಿಂದ ಹುಡುಕಿ ಎಣಿಸುತ್ತೇನೆ. ಜಾರಿ ಬಂದ ಸ್ಪ್ಯಾಮ್ ಎಷ್ಟು, ಸಿಕ್ಕಿಬಿದ್ದ ಒಳ್ಳೆಯ ಮೇಲ್ ಎಷ್ಟು ಅಂತ ಬೇರೆ ಬೇರೆ ಬರೆದಿಡುತ್ತೇನೆ. ಎರಡನ್ನೂ ಕೂಡಿಸಿ ಒಂದೇ ಶೇಕಡಾ ಹೇಳಬಾರದು. ಹತ್ತು ಲಾಟರಿ ಮೇಲ್ ಒಳಗೆ ಬಂದರೆ ಹತ್ತು ಸಲ ಡಿಲೀಟ್ ಒತ್ತಬೇಕು, ಅಷ್ಟೇ. ಒಂದು ಲೋಡ್ ಅಚ್ಚು ಬೆಲ್ಲದ ಆರ್ಡರ್ ಕಳೆದರೆ ಹೋದದ್ದು ದುಡ್ಡು, ಜೊತೆಗೆ ಪಾರ್ಟಿಯ ನಂಬಿಕೆ.

ಮಂಡ್ಯದವರ ಹಳೆಯ ಆರ್ಡರ್ ಮೇಲ್‌ಗಳನ್ನು ಅವರ ಜೊತೆಯಲ್ಲೇ ಕೂತು ಆರಿಸಿದೆ. ಯಾವುದು ನಿಜವಾದ ಪಾರ್ಟಿ, ಯಾವುದು ಮೋಸ ಅಂತ ಅವರಿಗೆ ಹೆಸರು ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ನನಗೆ ಗೊತ್ತಾಗುತ್ತಿರಲಿಲ್ಲ. ಕಲಿಸಿ, ಆ ಮೂರು ದಿನದ ಹಿಂದಿನ ಮೇಲ್ ಅನ್ನು ಮಾತ್ರ ಕಲಿಸದೆ ಬಿಟ್ಟು, ಮತ್ತೆ ಓಡಿಸಿದೆ. ಬೇಯ್ಸ್ ಸಾಲಿನ ಅಂಕ ಮೈನಸ್‌ಗೆ, ಅಂದರೆ ಒಳ್ಳೆಯ ಮೇಲ್ ಕಡೆಗೆ ಹೋಗಿತ್ತು. ಈಗ ಸರ್ವರ್‌ನಲ್ಲಿ ಸ್ಪ್ಯಾಮ್‌ಗೊಂದು, ಹ್ಯಾಮ್‌ಗೊಂದು ಫೋಲ್ಡರ್ ಇದೆ. ರಾತ್ರಿ ಎರಡಕ್ಕೆ ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಪ್ರೋಗ್ರಾಂ, ಆ ಎರಡನ್ನೂ ಫಿಲ್ಟರ್‌ಗೆ ಕಲಿಸುತ್ತದೆ. ಯಾವ ಮೇಲ್ ಯಾವುದಕ್ಕೆ ಅಂತ ಅಂಗಡಿಯ ಲೆಕ್ಕ ಬರೆಯುವ ಹುಡುಗಿ ದಿನಾ ಸಂಜೆ ಎಳೆದು ಹಾಕುತ್ತಾಳೆ.