ಕಡಲಾಳಕ್ಕೆ ಮರಳು ಇಳಿದದ್ದು ಹೇಗೆ?

ಇಟಲಿಯ ಅಪೆನೈನ್ ಬೆಟ್ಟಗಳಲ್ಲಿ ಒಂದು ಪದರ ಮರಳುಗಲ್ಲು, ಅದರ ಮೇಲೆ ಜೇಡಿಗಲ್ಲು, ಮತ್ತೆ ಮರಳುಗಲ್ಲು. ಹೀಗೆ ಸಾವಿರಾರು ಅಡಿ. ಇಂಥ ಕಲ್ಲುಗಳು ಹುಟ್ಟಿದ್ದು ಹೇಗೆ ಎಂಬುದೇ ತಕರಾರು. ಮರಳು ಅಂದರೆ ದಡದ ಸಾಮಾನು, ಆಳಕ್ಕೆ ಹೋಗುವುದಿಲ್ಲ ಎಂಬುದು ಬಹುಕಾಲದ ನಂಬಿಕೆ. ಆದರೆ ಕ್ಯಾಲಿಫೋರ್ನಿಯಾದ ವೆಂಚುರಾದಲ್ಲಿ ಇಂಥದ್ದೇ ಪದರಗಳ ನಡುವಿನ ಜೇಡಿಯಲ್ಲಿ ಆಳಸಮುದ್ರದ ಪುಟ್ಟ ಜೀವಿಗಳ ಚಿಪ್ಪು ಸಿಕ್ಕವು. ಹಾಗಾದರೆ ಕಡಲತಳ ಪದರಕ್ಕೊಮ್ಮೆ ಮೇಲೆದ್ದು ಮತ್ತೆ ಕುಸಿಯುತ್ತಿತ್ತಾ?

ಮರಳನ್ನು ಆಳಕ್ಕೆ ಒಯ್ದದ್ದು ಬಗ್ಗಡ ನೀರೇ ಇರಬಹುದೆಂಬ ಸುಳಿವು ಮೊದಲೂ ಇತ್ತು. ಜಿನೀವಾ ಸರೋವರಕ್ಕೆ ಬರುವ ರೋನ್ ನದಿಯ ಬಗ್ಗಡ ನೀರು ಭಾರಕ್ಕೆ ತಳ ಹಿಡಿದು ಹರಿಯುತ್ತದೆ ಎಂದು 1880ರ ದಶಕದಲ್ಲೇ ಸ್ವಿಸ್ ವಿಜ್ಞಾನಿ ಫೊರೆಲ್ ಹೇಳಿದ್ದರು. ಕಡಲತಳದ ಕಣಿವೆಗಳನ್ನು ಕೊರೆದದ್ದು ಇಂಥ ನೀರೇ ಇರಬಹುದೆಂದು 1936ರಲ್ಲಿ ಭೂವಿಜ್ಞಾನಿ ಡೇಲಿ ಊಹಿಸಿದರು.

ಸಾಕ್ಷಿ ಮಾತ್ರ ಅದಕ್ಕೂ ಮೊದಲೇ ಬಂದು ಕೂತಿತ್ತು. 1929ರ ನವೆಂಬರ್ 18ರಂದು ನ್ಯೂಫೌಂಡ್‌ಲ್ಯಾಂಡ್‌ನ ದಕ್ಷಿಣಕ್ಕೆ, ಗ್ರ್ಯಾಂಡ್ ಬ್ಯಾಂಕ್ಸ್ ಅಂಚಿನಲ್ಲಿ 7.2 ತೀವ್ರತೆಯ ಭೂಕಂಪವಾಯಿತು. ಅಲ್ಲಿನ ಕಡಲತಳದಲ್ಲಿ ಅಟ್ಲಾಂಟಿಕ್ ದಾಟುವ ಟೆಲಿಗ್ರಾಫ್ ಕೇಬಲ್‌ಗಳಿದ್ದವು. ಹತ್ತಿರದವು ತಕ್ಷಣ ತುಂಡಾದವು. ಅದರಲ್ಲೇನೂ ವಿಶೇಷವಿಲ್ಲ. ಆಮೇಲೆ ಇಳಿಜಾರಿನ ಕೆಳಗಿನ ಕೇಬಲ್‌ಗಳು ಒಂದಾದ ಮೇಲೊಂದು ಕಡಿಯುತ್ತಾ ಹೋದವು. ಕೊನೆಯದು ಕಡಿದದ್ದು 13 ಗಂಟೆ 17 ನಿಮಿಷ ಕಳೆದ ಮೇಲೆ. ಸಂದೇಶ ನಿಂತ ಗಳಿಗೆ ದಾಖಲಾಗಿದ್ದರಿಂದ ಸಮಯ ಪಕ್ಕಾ. ನೆಲದ ನಡುಕ ಅಷ್ಟು ಹೊತ್ತು ದಾರಿಯಲ್ಲಿ ನಡೆದುಕೊಂಡು ಹೋಗುವುದಿಲ್ಲ, ಅಲ್ವಾ?

ಆ ಲೆಕ್ಕ 23 ವರ್ಷ ಸುಮ್ನೆ ಬಿದ್ದಿತ್ತು. ಅಷ್ಟರಲ್ಲಿ ಡಚ್ ಭೂವಿಜ್ಞಾನಿ ಕ್ಯೂನೆನ್ ತೊಟ್ಟಿಯಲ್ಲಿ ಕೆಸರು ನೀರು ಹರಿಸಿ ನೋಡಿದರು. ಹರಿವು ನಿಧಾನವಾದಾಗ ದಪ್ಪ ಕಾಳು ಮೊದಲು ಕೂತಿತು, ಸಣ್ಣದು ಅದರ ಮೇಲೆ. ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರೂ ಹಾಗೇ ಆಗುತ್ತದೆ. ಬೆಟ್ಟದ ಕಲ್ಲಿನಲ್ಲೂ ಅದೇ ಜೋಡಣೆ ಇದೆ ಎಂದು 1950ರಲ್ಲಿ ಅವರೂ ಇಟಲಿಯ ಮಿಲ್ಯೊರಿನಿಯೂ ಬರೆದರು. 1952ರಲ್ಲಿ ಅಮೆರಿಕದ ಹೀಜೆನ್ ಮತ್ತು ಯೂಯಿಂಗ್ ಕೇಬಲ್ ಲೆಕ್ಕ ಬಿಚ್ಚಿದರು. ಕುಸಿದ ಹೂಳು ನೀರಿನೊಂದಿಗೆ ಬೆರೆತು ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ಇಳಿಯಿತು ಎಂದರು. ಆಮೇಲೆ ಬಂದವರು ಈ ವೇಗವನ್ನು ಸ್ವಲ್ಪ ಇಳಿಸಿದ್ದಾರೆ.

1962ರಲ್ಲಿ ಡಚ್ ಭೂವಿಜ್ಞಾನಿ ಬೌಮಾ ಫ್ರಾನ್ಸಿನ ಆನೋ ಮರಳುಗಲ್ಲು ನೋಡಿ, ಇಂಥ ಒಂದು ಹರಿವು ಬಿಟ್ಟುಹೋಗುವ ಪದರಕ್ಕೆ ತಳದಿಂದ ಮೇಲಕ್ಕೆ ಐದು ಮಜಲಿನ ಅಚ್ಚು ಕೊಟ್ಟರು. ಅಲ್ಲಿಂದ ಕಥೆ ಉಲ್ಟಾ. ಮೊದಲು ಎಲ್ಲೂ ಕಾಣದಿದ್ದ ಬಗ್ಗಡದ ಹರಿವು ಈಗ ಎಲ್ಲೆಲ್ಲೂ ಕಾಣತೊಡಗಿತು. ಕಾಳುಗಳ ಜೋಡಣೆಯೇ ಇಲ್ಲದ ಹತ್ತಾರು ಅಡಿ ದಪ್ಪದ ಮರಳುಗಲ್ಲಿಗೂ ಟರ್ಬಿಡೈಟ್, ಅಂದರೆ ಬಗ್ಗಡದ ಹರಿವು ಹಾಕಿದ ಕಲ್ಲು, ಎಂಬ ಚೀಟಿ ಬಿತ್ತು. ಅವುಗಳಲ್ಲಿ ಎಷ್ಟೋ ಗಾರೆಯ ಹಾಗೆ ಮುದ್ದೆಯಾಗಿ ಜಾರಿ ನಿಂತವು ಎಂದು 1990ರ ದಶಕದಲ್ಲಿ ಭೂವಿಜ್ಞಾನಿ ಶಣ್ಮುಗಂ ವಾದಿಸಿದರು. ಜಗಳ ಬರೀ ಹೆಸರಿನದ್ದಲ್ಲ. ಹರಿದ ಮರಳು ಹಾಸಿನಂತೆ ದೂರ ಹರಡುತ್ತದೆ, ಜಾರಿದ್ದು ನಾಲಿಗೆಯಂತೆ ಚಾಚಿ ನಿಂತುಬಿಡಬಹುದು. ತೈಲಬಾವಿ ಎಲ್ಲಿ ಕೊರೆಯಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ನಮ್ಮ ರಾಣೆಬೆನ್ನೂರು ಸೀಮೆಯಲ್ಲೂ ಇಂಥ ಹರಿವಿನದ್ದೆಂದು ಗುರುತಿಸಿದ ಗ್ರೇವ್ಯಾಕ್ (ಜೇಡಿ ಬೆರೆತ ಮರಳುಗಲ್ಲು) ಕಲ್ಲಿದೆ, 250 ಕೋಟಿ ವರ್ಷಕ್ಕೂ ಹಳೆಯದು. ಮಡಿಕೆ ಬಿದ್ದು ನೆಟ್ಟಗೆ ನಿಂತ ಇಂಥ ಪದರಗಳಲ್ಲಿ ಮೊದಲು ಮೇಲಿದ್ದದ್ದು ಯಾವ ಕಡೆ ಎಂದು ತಿಳಿಯಬೇಕಾದರೆ ಲೆನ್ಸ್ ಹಿಡಿದು ಕಾಳು ನೋಡುತ್ತಾರೆ. ದಪ್ಪ ಕಾಳಿರುವ ಕಡೆ ತಳ.