5.7ಕೆ ಕ್ಯಾಮೆರಾದಲ್ಲಿ ತೆಗೆದ ಮದುವೆ ವಿಡಿಯೊ ಹೆಡ್‌ಸೆಟ್‌ನಲ್ಲಿ ಯಾಕೆ ಮಸುಕು?

ಪ್ರಶ್ನೆ: ತಂಗಿಯ ಮದುವೆಯನ್ನು 360 ಡಿಗ್ರಿ ಕ್ಯಾಮೆರಾದಲ್ಲಿ ತೆಗೆದೆ. ಡಬ್ಬಿಯ ಮೇಲೆ 5.7ಕೆ ಅಂತಲೇ ಇದೆ. ಕಂಪ್ಯೂಟರಿನಲ್ಲಿ ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಮಾಡಿದೆ. ಅಮ್ಮನಿಗೆ ವಿಆರ್ ಹೆಡ್‌ಸೆಟ್ ಹಾಕಿ ತೋರಿಸಿದರೆ, 'ಕನ್ನಡಕ ಬಿಟ್ಟು ನೋಡಿದ ಹಾಗಿದೆಯಲ್ಲೋ' ಅಂದರು. ಫೋನಿನ ಸಾದಾ 4ಕೆ ವಿಡಿಯೊನೇ ಇದಕ್ಕಿಂತ ಚೆನ್ನಾಗಿದೆ. ಕ್ಯಾಮೆರಾ ಸರಿ ಇಲ್ವಾ, ಅಥವಾ ನಾನೇ ಏನಾದರೂ ಎಡವಟ್ಟು ಮಾಡಿದೆನಾ?

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ. ಎಡವಟ್ಟು ಸ್ವಲ್ಪ ಆಗಿರಬಹುದು. ಇಲ್ಲಿ ಎರಡು ವಿಷಯ ಕಲೆತುಹೋಗಿವೆ. 5.7ಕೆ ಅನ್ನುವ ಸಂಖ್ಯೆಯೇ ನಮಗೆ ಜಾಸ್ತಿ ಆಸೆ ಹುಟ್ಟಿಸುತ್ತದೆ, ಅದು ಒಂದು. ಇರುವ ಪಿಕ್ಸೆಲ್‌ಗಳನ್ನೂ ಎಕ್ಸ್‌ಪೋರ್ಟ್ ಮಾಡುವಾಗ ನಾವೇ ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋಗುತ್ತೇವೆ, ಅದು ಇನ್ನೊಂದು. ಮೊದಲನೆಯದಕ್ಕೆ ಮದ್ದಿಲ್ಲ. ಎರಡನೆಯದಕ್ಕೆ ಇದೆ.

ಮೊದಲು ಲೆಕ್ಕ. ಒಂದು ಸೌಟು ಹಿಟ್ಟಿನಲ್ಲಿ ಸೆಟ್ ದೋಸೆನೂ ಹುಯ್ಯಬಹುದು, ಪೇಪರ್ ದೋಸೆನೂ ಹುಯ್ಯಬಹುದು. ಹಿಟ್ಟು ಅಷ್ಟೇ, ದಪ್ಪ ಮಾತ್ರ ಬೇರೆ, ಅಲ್ವಾ? 5.7ಕೆ ಅಂದರೆ 5760 ಪಿಕ್ಸೆಲ್ ಅಗಲ, 2880 ಎತ್ತರ. ಆ 5760 ಪಿಕ್ಸೆಲ್ ನಿಮ್ಮ ಸುತ್ತಲಿನ ಪೂರ್ತಿ 360 ಡಿಗ್ರಿಗೆ ಹಂಚಿಹೋಗಬೇಕು. ಡಿಗ್ರಿಗೆ 16 ಪಿಕ್ಸೆಲ್ ಬಂತು. ನಿಮ್ಮ ಫೋನು 4ಕೆ ವಿಡಿಯೊದ 3840 ಪಿಕ್ಸೆಲ್‌ಗಳನ್ನು ಎದುರಿಗಿರುವ ಸುಮಾರು 65-70 ಡಿಗ್ರಿಯೊಳಗೇ ತುಂಬುತ್ತದೆ, ಅಂದರೆ ಡಿಗ್ರಿಗೆ 55ರ ಆಸುಪಾಸು. ಫೋನಿನದು ಸೆಟ್ ದೋಸೆ, ನಿಮ್ಮದು ಪೇಪರ್ ದೋಸೆ.

ಹೆಡ್‌ಸೆಟ್ ಕಡೆಯಿಂದಲೂ ನೋಡಿ. ಮೆಟಾ ಕ್ವೆಸ್ಟ್ 3 ಒಂದೊಂದು ಕಣ್ಣಿಗೆ 2064 ಬೈ 2208 ಪಿಕ್ಸೆಲ್ ಕೊಡುತ್ತದೆ, ಡಿಗ್ರಿಗೆ ಸುಮಾರು 25. ಅದಕ್ಕೆ ನೀವು ಕೊಟ್ಟಿದ್ದು 16. ಉಳಿದದ್ದನ್ನು ಅದು ಎಳೆದು ಹಿಗ್ಗಿಸಿ ತೋರಿಸುತ್ತದೆ. ಇನ್‌ಸ್ಟಾ360 ಎಕ್ಸ್4 ತರಹದ 8ಕೆ ಕ್ಯಾಮೆರಾದಲ್ಲೂ ಅಗಲ 7680, ಡಿಗ್ರಿಗೆ 21. ಚೆನ್ನಾಗಿರುವ ಕಣ್ಣು ಡಿಗ್ರಿಗೆ 60ರ ತನಕ ಗುರುತಿಸುತ್ತದೆ. ಹಾಗಾಗಿ ಅಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ಅವರ ಕಣ್ಣು ಕೇಳಿದ್ದರ ಕಾಲು ಭಾಗ ಮಾತ್ರ ನಾವು ಕೊಟ್ಟಿದ್ದು.

ಇನ್ನು ಚೆಲ್ಲಿಕೊಳ್ಳುವ ವಿಷಯ. ಇದರಲ್ಲಿ ನಾನು ಅನುಭವಸ್ಥ.

ಜೋಗದಲ್ಲಿ ತೆಗೆದ ನನ್ನ ಮೊದಲನೇ ವಿಡಿಯೊ ಇನ್ನೂ ಇಟ್ಟುಕೊಂಡಿದ್ದೇನೆ, ನಗುವುದಕ್ಕೆ. ಹೆಡ್‌ಸೆಟ್ ಹಾಕಿ ತಲೆ ಎತ್ತಿದರೆ ಆಕಾಶದ ನಡುಮಧ್ಯೆ ಒಂದು ಕಪ್ಪು ತಟ್ಟೆ. ಕೆಳಗೆ ನೋಡಿದರೆ ಕಾಲ ಬಳಿ ಇನ್ನೊಂದು. ಸುತ್ತ ನಿಂತವರೆಲ್ಲ ಸ್ವಲ್ಪ ಕುಳ್ಳಗೆ. ಆಗಿದ್ದೇನೆಂದರೆ, 360 ವಿಡಿಯೊದ ಅಗಲ ಯಾವಾಗಲೂ ಎತ್ತರದ ಎರಡರಷ್ಟು ಇರಬೇಕು. ಭೂಪಟದಲ್ಲಿ ಭೂಮಿಯನ್ನು ಬಿಡಿಸಿ ಹರಡುತ್ತಾರಲ್ಲ, ಇದೂ ಹಾಗೇ, ಹೆಸರು ಈಕ್ವಿರೆಕ್ಟ್ಯಾಂಗ್ಯುಲರ್. ನಾನು ಅದನ್ನು ಎಡಿಟರಿನ ಮಾಮೂಲಿ 3840 ಬೈ 2160 ಟೈಮ್‌ಲೈನಿಗೆ (ಕ್ಲಿಪ್‌ಗಳನ್ನು ಜೋಡಿಸುವ ಜಾಗ) ಹಾಕಿದ್ದೆ. ಆ ಅಗಲಕ್ಕೆ ಎತ್ತರ 1920 ಸಾಕು. ಮಿಕ್ಕ 240 ಪಿಕ್ಸೆಲ್ ಮೇಲೆ 120, ಕೆಳಗೆ 120 ಅಂತ ಕಪ್ಪು ಪಟ್ಟಿ ಆಯಿತು. ಟಿವಿಯಲ್ಲಿ ಅದು ಬರೀ ಪಟ್ಟಿ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗೋಳಕ್ಕೆ ಸುತ್ತಿದಾಗ ಮೇಲಿನ ಪಟ್ಟಿ ನೆತ್ತಿಯಲ್ಲಿ ಮುದುಡಿ 10 ಡಿಗ್ರಿ ತ್ರಿಜ್ಯದ ಕಪ್ಪು ಚಂದ್ರನಾಗುತ್ತದೆ!

ಕಪ್ಪು ಚಂದ್ರನಾದರೂ ಕಣ್ಣಿಗೆ ಕಾಣುತ್ತದೆ, ತಿದ್ದಬಹುದು. ಅದೇ ತಪ್ಪಿನ ಇನ್ನೊಂದು ಪೆಟ್ಟು ಕಾಣುವುದೇ ಇಲ್ಲ. ಅಗಲ 5760ರಿಂದ 3840ಕ್ಕೆ ಇಳಿದುಹೋಯಿತಲ್ಲ, ಡಿಗ್ರಿಗೆ 16 ಇದ್ದದ್ದು 11ಕ್ಕೂ ಕಡಿಮೆ ಆಯಿತು. 4ಕೆ ಇದೆಯಲ್ಲ, ಸಾಕು ಅಂತ ಅನ್ನಿಸಿಬಿಡುತ್ತದೆ. ನಿಮ್ಮದೂ ಇಲ್ಲೇ ಹೋಗಿದೆ ಅಂತ ನನ್ನ ಅನುಮಾನ. ಎಕ್ಸ್‌ಪೋರ್ಟ್ ಆದ ಫೈಲಿನ ಪ್ರಾಪರ್ಟೀಸ್ ತೆಗೆದು ನೋಡಿ. 5760 ಬೈ 2880 ಇಲ್ಲದಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಟೈಮ್‌ಲೈನ್ ಮಾಡುವಾಗಲೇ 5760 ಬೈ 2880 ಅಂತ ಕೈಯಿಂದ ಬರೆದುಬಿಡಿ. ಫ್ರೇಮ್ ರೇಟ್ ಶೂಟ್ ಮಾಡಿದ್ದು 30 ಆಗಿದ್ದರೆ 30ರಲ್ಲೇ ಇರಲಿ, ಸುಮ್ನೆ 60 ಮಾಡಿದರೆ ಏನೂ ಲಾಭವಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ 3840 ಬೈ 2160ಕ್ಕಿಂತ ದೊಡ್ಡದನ್ನು ಎಕ್ಸ್‌ಪೋರ್ಟ್ ಮಾಡುವುದಿಲ್ಲ. ಮಾಮೂಲಿ ವಿಡಿಯೊಗೆ ಅದು ಬಂಗಾರದಂಥ ಸಾಫ್ಟ್‌ವೇರ್, ಆದರೆ ಈ ಕೆಲಸಕ್ಕೆ ಅಲ್ಲ. ಬರೀ ಕತ್ತರಿಸಿ ಜೋಡಿಸುವುದಿದ್ದರೆ ಕ್ಯಾಮೆರಾ ಕಂಪನಿಯೇ ಪುಕ್ಕಟೆ ಕೊಡುವ ಸಾಫ್ಟ್‌ವೇರ್ ಸಾಕು. ಅದರಲ್ಲಿ ಎರಡು ತರಹದ ಎಕ್ಸ್‌ಪೋರ್ಟ್ ಇರುತ್ತದೆ: ಒಂದು ಪೂರ್ತಿ 360, ಇನ್ನೊಂದು ರೀಫ್ರೇಮ್. ರೀಫ್ರೇಮ್ ಅಂದರೆ ಗೋಳದಿಂದ ಒಂದು ಕಿಟಕಿ ಕತ್ತರಿಸಿಕೊಂಡು ಮಾಮೂಲಿ ಚಪ್ಪಟೆ ವಿಡಿಯೊ ಮಾಡುವುದು. ರೀಲ್ಸ್‌ಗೆ ಅದು. ಹೆಡ್‌ಸೆಟ್‌ಗೆ ಮೊದಲನೆಯದು.

ಮುಂದಿನ ಸೋರಿಕೆ ಬಿಟ್‌ರೇಟ್, ಅಂದರೆ ಒಂದೊಂದು ಸೆಕೆಂಡಿನ ವಿಡಿಯೊಗೆ ಖರ್ಚು ಮಾಡುವ ಡೇಟಾ. ಇನ್‌ಸ್ಟಾ360 ಎಕ್ಸ್3 ತರಹದ ಕ್ಯಾಮೆರಾ ಹೆಚ್ಚೆಂದರೆ 120 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 120 ಮೆಗಾಬಿಟ್‌ನಂತೆ ಬರೆಯುತ್ತದೆ. ಎಡಿಟರ್ ತಾನಾಗಿ ಆರಿಸಿಕೊಳ್ಳುವ ಬಿಟ್‌ರೇಟ್ ಎಷ್ಟೋ ಸಲ ಇದರ ಅರ್ಧವೂ ಇರುವುದಿಲ್ಲ. ಚಪ್ಪಟೆ ಪರದೆಗೆ ಅದು ನಡೆಯುತ್ತದೆ. ಇಲ್ಲಿ ನೀವು ನೋಡುವುದು ಚಿತ್ರದ ಒಂದು ಹೋಳನ್ನು ಭೂತಗನ್ನಡಿ ಇಟ್ಟು ನೋಡಿದ ಹಾಗೆ, ಹಾಗಾಗಿ ಒಂದೊಂದು ಚೌಕವೂ ಎದ್ದು ಕಾಣುತ್ತದೆ. ಮದುವೆಮನೆಯ ಹೂವಿನ ಅಲಂಕಾರ, ಸೀರಿಯಲ್ ಲೈಟು, ಜರಿ ಸೀರೆ ಇವೆಲ್ಲ ಬಿಟ್‌ರೇಟ್ ತಿನ್ನುವ ರಾಕ್ಷಸರು. ನಾನು 100-120ಕ್ಕಿಂತ ಕೆಳಗೆ ಇಳಿಸುವುದಿಲ್ಲ. 120 ಮೆಗಾಬಿಟ್ ಅಂದರೆ, 8 ಬಿಟ್‌ಗೆ ಒಂದು ಬೈಟಿನ ಲೆಕ್ಕದಲ್ಲಿ, ಸೆಕೆಂಡಿಗೆ 15 ಎಂಬಿ, 10 ನಿಮಿಷಕ್ಕೆ 9 ಜಿಬಿ. ಡಿಸ್ಕ್ ತುಂಬುತ್ತದೆ, ನಿಜ. ಆದರೆ ತುಂಬಲಿ ಬಿಡಿ. ಹಳೆಯ ಪೆನ್‌ಡ್ರೈವ್‌ಗೆ ಕಾಪಿ ಮಾಡಲು ಹೋಗಿ 'ಫೈಲ್ ತುಂಬಾ ದೊಡ್ಡದು' ಅಂತ ಬಂದರೆ ಹೆದರಬೇಡಿ. ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದರೆ ಆಯಿತು, ಒಳಗಿರುವುದನ್ನು ಮೊದಲು ಬೇರೆ ಕಡೆ ತೆಗೆದಿಟ್ಟುಕೊಳ್ಳಿ.

ಕೋಡೆಕ್, ಅಂದರೆ ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡುವ ವಿಧಾನ, ಎಚ್.265 ಇರಲಿ. ಹಳೆಯ ಎಚ್.264 ಫೈಲು 4ಕೆ ಅಗಲ ದಾಟಿದರೆ ಬಹಳಷ್ಟು ಫೋನು, ಹೆಡ್‌ಸೆಟ್‌ಗಳ ಚಿಪ್ಪು ಮುಗ್ಗರಿಸುತ್ತದೆ. ಚಿತ್ರ ನಿಂತು ನಿಂತು ಓಡುತ್ತದೆ, ಇಲ್ಲವೇ ಬರೀ ಧ್ವನಿ ಬರುತ್ತದೆ.

ಹೊಲಿಗೆಯ ವಿಷಯಕ್ಕೆ ಬರೋಣ. ಸ್ಟಿಚಿಂಗ್ ಅಂತಾರಲ್ಲ, ಅದು. ಕ್ಯಾಮೆರಾದ ಎರಡು ಬದಿಯ ಲೆನ್ಸುಗಳು ಒಂದೊಂದೂ ಅರ್ಧ ಗೋಳಕ್ಕಿಂತ ಸ್ವಲ್ಪ ಜಾಸ್ತಿ ನೋಡುತ್ತವೆ. ಆ ಜಾಸ್ತಿ ಭಾಗವನ್ನು ಒಂದರ ಮೇಲೊಂದು ಇಟ್ಟು ಸಾಫ್ಟ್‌ವೇರ್ ಅಂಚು ಹೊಲಿಯುತ್ತದೆ. ಎರಡು ಲೆನ್ಸು ಒಂದೇ ಜಾಗದಲ್ಲಿ ಇಲ್ಲದ ಕಾರಣ ಹತ್ತಿರದ ವಸ್ತು ಎರಡಕ್ಕೂ ಬೇರೆ ಬೇರೆ ಕಡೆ ಕಾಣುತ್ತದೆ. ಒಂದು ಕಣ್ಣು ಮುಚ್ಚಿ ಬೆರಳು ನೋಡಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿ, ಬೆರಳು ಹಾರುತ್ತದಲ್ಲ, ಅದೇ ಆಟ. ನಮ್ಮ ಮನೆ ಗೃಹಪ್ರವೇಶದ ವಿಡಿಯೊದಲ್ಲಿ ದೊಡ್ಡಮ್ಮ ಆರತಿ ಎತ್ತುತ್ತಾರೆ. ತಟ್ಟೆ ಕ್ಯಾಮೆರಾದ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ, ಸರಿಯಾಗಿ ಹೊಲಿಗೆಯ ಮೇಲೆ ಬರುತ್ತದೆ. ಬಂದ ತಕ್ಷಣ ಮಣಿಕಟ್ಟಿನ ತನಕ ಕೈ ಮಾಯ. ಬಳೆ ಇದೆ, ತಟ್ಟೆ ಇದೆ, ಮಧ್ಯೆ ಕೈಯಿಲ್ಲ. ದೀಪ ಮಾತ್ರ ಗಾಳಿಯಲ್ಲಿ ತೇಲುತ್ತಾ ಹೋಗುತ್ತದೆ. ಮಕ್ಕಳು ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಾರೆ.

ಸಾಫ್ಟ್‌ವೇರ್‌ನಲ್ಲಿ ಆಪ್ಟಿಕಲ್ ಫ್ಲೋ ಅಥವಾ ಡೈನಾಮಿಕ್ ಸ್ಟಿಚಿಂಗ್ ಅನ್ನುವ ಆಯ್ಕೆ ಆನ್ ಮಾಡಿದರೆ ಇದು ಮುಕ್ಕಾಲು ಪಾಲು ಸರಿಹೋಗುತ್ತದೆ, ಎಕ್ಸ್‌ಪೋರ್ಟ್ ನಿಧಾನ ಆಗುತ್ತದೆ ಅಷ್ಟೇ. ಲೆನ್ಸ್ ಗಾರ್ಡ್ ಹಾಕಿ ಶೂಟ್ ಮಾಡಿದ್ದರೆ ಸಾಫ್ಟ್‌ವೇರ್‌ಗೂ ಅದನ್ನು ಹೇಳಿ, ಅದಕ್ಕೊಂದು ಆಯ್ಕೆ ಇರುತ್ತದೆ. ಹೇಳದಿದ್ದರೆ ಕಂಬಗಳೆಲ್ಲ ನಡುವೆ ತುಂಡಾಗಿ ಜರುಗಿದ ಹಾಗೆ ಕಾಣುತ್ತವೆ. ಇವೆಲ್ಲ ಮೂಲ ಫೈಲಿನ ಮೇಲೆ ಆಗಬೇಕಾದ ಕೆಲಸ. ಒಂದು ಸಲ ಎಂಪಿ4 ಆದ ಮೇಲೆ ಹೊಲಿಗೆ ಬಿಚ್ಚಲು ಆಗುವುದಿಲ್ಲ.

ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಜೊತೆಗೆ ದಿಕ್ಕು ತಿರುಗದಂತೆ ಹಿಡಿಯುವ ಡೈರೆಕ್ಷನ್ ಲಾಕ್ ಕೂಡ ಆನ್ ಇರಲಿ. ಇಲ್ಲದಿದ್ದರೆ ನೀವು ಕೋಲು ಹಿಡಿದು ತಿರುಗಿದಾಗಲೆಲ್ಲ ಅಮ್ಮನ ಸುತ್ತ ಇಡೀ ಛತ್ರವೇ ತಿರುಗುತ್ತದೆ. ಎರಡು ನಿಮಿಷದಲ್ಲಿ ಹೊಟ್ಟೆ ತೊಳಸುತ್ತದೆ.

ಇನ್ನೊಂದು ಚಿಕ್ಕ ಕಿರಿಕಿರಿ. ಮಾಮೂಲಿ ಬ್ಲರ್, ಶಾರ್ಪನ್, ವಿನ್ಯೆಟ್ (ಅಂಚು ಕಪ್ಪಾಗಿಸುವುದು) ತರಹದ ಎಫೆಕ್ಟುಗಳಿಗೆ ಚಿತ್ರದ ಎಡ ಅಂಚು, ಬಲ ಅಂಚು ಎರಡೂ ಒಂದೇ ಜಾಗ ಅಂತ ಗೊತ್ತಿರುವುದಿಲ್ಲ. ಅಂಚುಗಳಲ್ಲಿ ಬೇರೆ ತರಹ ಕೆಲಸ ಮಾಡಿ, ಹೆಡ್‌ಸೆಟ್ ಹಾಕಿ ಹಿಂದಕ್ಕೆ ತಿರುಗಿದರೆ ಮೇಲಿಂದ ಕೆಳಕ್ಕೆ ಒಂದು ಗೀಟು ಎಳೆದ ಹಾಗೆ ಕಾಣುತ್ತದೆ. ಅಡೋಬಿ ಕಂಪನಿಯ ಎಡಿಟರ್ ಪ್ರೀಮಿಯರ್‌ನಲ್ಲಿ ವಿಆರ್ ಅಂತಲೇ ಶುರುವಾಗುವ ಎಫೆಕ್ಟುಗಳಿವೆ, ಅವನ್ನು ಬಳಸಿ. ಬಣ್ಣ, ಬೆಳಕು ಸರಿಮಾಡುವುದಕ್ಕೆ ಈ ತೊಂದರೆ ಇಲ್ಲ.

ಎಕ್ಸ್‌ಪೋರ್ಟ್ ಆದ ಫೈಲಿನೊಳಗೆ ಒಂದು ಚೀಟಿಯೂ ಇರಬೇಕು. 'ನಾನು ಚಪ್ಪಟೆ ವಿಡಿಯೊ ಅಲ್ಲ, ನನ್ನನ್ನು ಗೋಳಕ್ಕೆ ಸುತ್ತಿ ತೋರಿಸು' ಅಂತ ಪ್ಲೇಯರ್‌ಗೆ ಹೇಳುವ ಮೆಟಾಡೇಟಾ. ಕ್ಯಾಮೆರಾ ಕಂಪನಿಯ ಸಾಫ್ಟ್‌ವೇರ್ ಇದನ್ನು ತಾನೇ ಅಂಟಿಸುತ್ತದೆ. ಪ್ರೀಮಿಯರ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ 'ವಿಡಿಯೊ ಈಸ್ ವಿಆರ್' ಅನ್ನುವುದಕ್ಕೆ ಟಿಕ್ ಹಾಕಬೇಕು. ಬೇರೆ ಎಡಿಟರ್ ಆದರೆ ಗೂಗಲ್‌ನ ಉಚಿತ ಸ್ಪೇಷಿಯಲ್ ಮೀಡಿಯಾ ಮೆಟಾಡೇಟಾ ಇಂಜೆಕ್ಟರ್ ಇದೆ. ಅದರಲ್ಲಿ 360 ಅನ್ನುವುದಕ್ಕೆ ಮಾತ್ರ ಟಿಕ್ ಹಾಕಿ. ತ್ರೀಡಿ ಅಂತ ಕಂಡ ತಕ್ಷಣ ಆಸೆಪಟ್ಟು ಅದಕ್ಕೂ ಹಾಕಬೇಡಿ. ನಮ್ಮ ಕ್ಯಾಮೆರಾ ತೆಗೆಯುವುದು ಎರಡು ಕಣ್ಣಿಗೂ ಒಂದೇ ಚಿತ್ರ. ತ್ರೀಡಿ ಅಂತ ಸುಳ್ಳು ಹೇಳಿದರೆ ಒಂದು ಕಣ್ಣಿಗೆ ಬರೀ ಛಾವಣಿ, ಇನ್ನೊಂದಕ್ಕೆ ಬರೀ ನೆಲ.

ಈ ಚೀಟಿಯನ್ನು ಕಳೆಯುವುದರಲ್ಲಿ ವಾಟ್ಸಾಪ್ ಎತ್ತಿದ ಕೈ. ವಿಡಿಯೊ ಅಂತ ಕಳಿಸಿದರೆ ಅದು ಮತ್ತೆ ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಹೋಗುತ್ತದೆ, ಆದರೆ ಮಿತಿ 2 ಜಿಬಿ. ಅಮೆರಿಕದಲ್ಲಿರುವ ಅಣ್ಣನಿಗೆ ಕಳಿಸಬೇಕಾದರೆ ಡ್ರೈವ್ ಲಿಂಕ್ ಒಳ್ಳೆಯದು.

ಯೂಟ್ಯೂಬ್ 2015ರಿಂದ 360 ವಿಡಿಯೊ ತೋರಿಸುತ್ತಿದೆ, ಅನ್‌ಲಿಸ್ಟೆಡ್ ಅಂತ ಹಾಕಿದರೆ ಮನೆಯವರಷ್ಟೇ ನೋಡಬಹುದು, ಲಿಂಕ್ ಯಾರೂ ಹಂಚದಿದ್ದರೆ. ಆದರೆ ಅಪ್‌ಲೋಡ್ ಆದ ತಕ್ಷಣ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಚಿಕ್ಕ ರೆಸಲ್ಯೂಶನ್ ತಯಾರಾಗುತ್ತದೆ, ದೊಡ್ಡದು ಆಮೇಲೆ ಬರುತ್ತದೆ, ಗೋಳಕ್ಕೆ ಸುತ್ತಿಕೊಳ್ಳುವುದಕ್ಕೇ ಒಂದು ಗಂಟೆ ಹಿಡಿಯಬಹುದು. ನೋಡುವಾಗಲೂ ಕ್ವಾಲಿಟಿಯನ್ನು ಕೈಯಿಂದ ಜಾಸ್ತಿ ಮಾಡಿ. ಆಟೊದಲ್ಲಿ ಬಿಟ್ಟರೆ ಎಷ್ಟೋ ಸಲ 1080ಪಿ ಕೊಡುತ್ತದೆ, 360 ವಿಡಿಯೊಗೆ ಅದು ಪಾಯಸಕ್ಕೆ ನೀರು ಬೆರೆಸಿದ ಹಾಗೆ.

ಮನೆಯಲ್ಲೇ ತೋರಿಸುವುದಾದರೆ ಯೂಟ್ಯೂಬ್ ಬೇಡವೇ ಬೇಡ. ಕೇಬಲ್ ಹಾಕಿ ಫೈಲನ್ನು ನೇರ ಹೆಡ್‌ಸೆಟ್‌ಗೆ ಕಾಪಿ ಮಾಡಿ. ಹೆಸರಿನ ಕೊನೆಗೆ _360 ಅಂತ ಸೇರಿಸಿ. ಸ್ಕೈಬಾಕ್ಸ್ ತರಹದ ಪ್ಲೇಯರ್‌ಗಳು ಅದನ್ನು ನೋಡಿಯೇ ಗುರುತು ಹಿಡಿಯುತ್ತವೆ.

ಈಗ ನಿಮ್ಮ ಮದುವೆ ವಿಡಿಯೊ. ಮೂಲ ಫೈಲುಗಳು ಇವೆ ತಾನೇ? ಕೆಲವು ಕ್ಯಾಮೆರಾಗಳಲ್ಲಿ ಒಂದೊಂದು ಲೆನ್ಸಿಗೆ ಒಂದೊಂದು ಫೈಲು ಇರುತ್ತದೆ, ಒಂದನ್ನು ಅಳಿಸಿದರೂ ಅರ್ಧ ಛತ್ರ ಹೋದ ಹಾಗೆ. ಇದ್ದರೆ ಮೇಲೆ ಹೇಳಿದ ಹಾಗೆ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಆದರೆ ಇಡೀ ಮದುವೆ ಹಾಕಬೇಡಿ, ಕ್ಲಿಪ್ ಆರಿಸಿಕೊಳ್ಳಿ. 16 ಸೆಂಟಿಮೀಟರ್ ಅಗಲದ ಒಂದು ಮುಖ 5 ಮೀಟರ್ ದೂರದಲ್ಲಿದ್ದರೆ ಈ ವಿಡಿಯೊದಲ್ಲಿ ಅದರ ಪಾಲಿಗೆ ಬರುವುದು ಸುಮಾರು 29 ಪಿಕ್ಸೆಲ್. ಒಂದೂವರೆ ಮೀಟರ್‌ನಲ್ಲಿದ್ದರೆ ಹೆಚ್ಚುಕಮ್ಮಿ 98. ಛತ್ರದ ಮೂಲೆಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ ತೆಗೆದದ್ದನ್ನು ಪಕ್ಕಕ್ಕಿಡಿ, ಯಾವ ಸೆಟ್ಟಿಂಗ್ ಹಾಕಿದರೂ ಅದರಲ್ಲಿ ಯಾರ ಮುಖವೂ ಗೊತ್ತಾಗುವುದಿಲ್ಲ. ಧಾರೆ ಎರೆಯುವಾಗ ಕ್ಯಾಮೆರಾ ಮಂಟಪದ ಒಳಗೇ ಇತ್ತಾ? ಹಾಗಿದ್ದರೆ ಆ ನಾಲ್ಕೈದು ನಿಮಿಷ ಸಾಕು. ಅಮ್ಮನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ಹಾಕಿಕೊಂಡೇ ಹೆಡ್‌ಸೆಟ್ ಹಿಡಿಸುತ್ತದಾ ನೋಡಿ, ಆಮೇಲೆ ಶುರು ಮಾಡಿ.